ಅಂಗಳದಷ್ಟು ತಡ

ನಾನು ತಡವಾಗಿ ನಗುವ ಮನುಷ್ಯ. ನಾಲ್ಕು ಜನ ಕೂತಲ್ಲಿ ಯಾರೋ ಒಂದು ಚಟಾಕಿ ಹಾರಿಸುತ್ತಾರೆ, ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ, ಮಾತು ಅಲ್ಲಿಂದ ಹೊರಳಿ ಯಾರದೋ ಸಕ್ಕರೆ ಕಾಯಿಲೆಗೆ ಬರುತ್ತದೆ. ಸರಿಯಾಗಿ ಆಗ ನನಗೆ ನಗು ಬರುತ್ತದೆ. ಪರರ ಕಾಯಿಲೆ ಕೇಳಿ ನಗುವವನನ್ನು ಜನ ಹೇಗೆ ನೋಡುತ್ತಾರೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಕೋಲೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದಾಗ ಹುಡುಗರು ನನಗೆ ಟ್ಯೂಬ್‌ಲೈಟ್ ಎಂದು ಹೆಸರಿಟ್ಟಿದ್ದರು. ಆ ಹೆಸರು ನನ್ನದೇ ಎಂದು ನನಗೆ ಹೊಳೆಯುವಷ್ಟರಲ್ಲಿ ಆ ಹುಡುಗರು ಪಾಸಾಗಿ ಹೋಗಿದ್ದರು.

ಹೀಗಿರುವಾಗ, ತಡವನ್ನು ಕಡಿಮೆ ಮಾಡುವುದೂ ಒಂದು ಉದ್ಯೋಗ, ಅದಕ್ಕೂ ಸಂಬಳ ಕೊಡುತ್ತಾರೆ ಎಂದು ಕೇಳಿದಾಗ ನಾನು ಕೊಂಚ ನೆಟ್ಟಗೆ ಕೂತೆ. ಆ ಉದ್ಯೋಗ ಮಾಡುವವಳು ನನ್ನ ಹೆಂಡತಿಯ ಅಣ್ಣನ ಮಗಳು ಶುಭದಾ. ತೋಡೂರಿನ ಕಾಲೊನಿಯಲ್ಲಿ ಅವಳ ಮನೆ. ಅಕ್ಕಿ ಡಬ್ಬ, ಹಳೇ ಹೊಲಿಗೆ ಯಂತ್ರ ಮತ್ತು ಒಂದು ಮುರುಕು ಕಪಾಟಿನ ನಡುವೆ ಜಾಗ ಮಾಡಿಕೊಂಡು, ಎರಡು ಪರದೆಗಳನ್ನು ಎದುರಿಗಿಟ್ಟುಕೊಂಡು ಅವಳು ಕೆಲಸಕ್ಕೆ ಕೂರುತ್ತಾಳೆ. ಅವಳ ಕಂಪನಿಯವರು ಇಲ್ಲದ ಜಗತ್ತುಗಳನ್ನು ಕಟ್ಟುತ್ತಾರೆ. ನೀವು ಕಣ್ಣಿಗೊಂದು ದಪ್ಪ ಡಬ್ಬಿಯಂಥ ಹೆಡ್‌ಸೆಟ್ ಕಟ್ಟಿಕೊಂಡರೆ ಯಾವುದೋ ತೋಟದಲ್ಲೋ ಸಭಾಂಗಣದಲ್ಲೋ ನಿಂತಿರುತ್ತೀರಿ. ಬೇರೆ ಊರಿನಲ್ಲಿ ಅದನ್ನೇ ಕಟ್ಟಿಕೊಂಡವರೂ ಅಲ್ಲಿಗೆ ಬರುತ್ತಾರೆ. ಓಡಾಡಬಹುದು, ಕೂರಬಹುದು, ಹರಟಬಹುದು. ಅಲ್ಲಿ ಒಬ್ಬರ ಬಾಯಿಯ ಮಾತು ಇನ್ನೊಬ್ಬರ ಕಿವಿಗೆ ಬೇಗ ತಲುಪುವಂತೆ ನೋಡಿಕೊಳ್ಳುವುದು ಶುಭದಾಳ ಕೆಲಸ. ಮುಖ ಸರಿಯಾಗಿ ಮೂಡದಿದ್ದರೂ ಜನ ಸಹಿಸಿಕೊಳ್ಳುತ್ತಾರಂತೆ. ದನಿ ತಡವಾದರೆ ಮಾತ್ರ ಇಡೀ ಜಗತ್ತೇ ಸುಳ್ಳು ಅನ್ನಿಸಿಬಿಡುತ್ತದಂತೆ.

ಇದನ್ನು ಕೇಳಿದ ಮೇಲೆ ನನಗೆ ಎಲ್ಲೆಲ್ಲೂ ತಡವೇ ಕಾಣತೊಡಗಿತು. ಟೀವಿಯಲ್ಲಿ ದೂರದೂರಿನ ವರದಿಗಾರ ಸ್ಟುಡಿಯೋದವರು ಪ್ರಶ್ನೆ ಕೇಳಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ತಲೆಯಾಡಿಸುತ್ತ ನಿಂತಿರುತ್ತಾನಲ್ಲ, ಅವನು ಪೆದ್ದನಲ್ಲ, ಪ್ರಶ್ನೆ ಇನ್ನೂ ದಾರಿಯಲ್ಲಿದೆ. ಬೇಲೆಕೇರಿಯ ಹೊಳೆಯಾಚೆ ಯಾರಾದರೂ ದೋಣಿಗೆ ಮೊಳೆ ಹೊಡೆಯುತ್ತಿದ್ದರೆ, ಸುತ್ತಿಗೆ ಮತ್ತೆ ಮೇಲೆ ಎದ್ದ ನಂತರ ಏಟಿನ ಸದ್ದು ನಿಮ್ಮನ್ನು ಮುಟ್ಟುತ್ತದೆ. ಬೆಳಕಿಗಿಂತ ಸದ್ದು ನಿಧಾನ ಎಂದು ನಾನೇ ವರ್ಷವರ್ಷವೂ ಮಕ್ಕಳಿಗೆ ಪಾಠ ಹೇಳಿದ್ದೆ; ಮಿಂಚು ಗುಡುಗಿನ ಉದಾಹರಣೆ ಕೊಟ್ಟು, ಗಾಳಿಯಲ್ಲಿ ಸದ್ದಿನ ವೇಗ ಬರೆಸಿ, ಬಾಯಿಪಾಠ ಮಾಡಿಸಿದ್ದೆ. ಆ ವೇಗದಿಂದ ಮನುಷ್ಯರಿಗೆ ಏನಾದರೂ ಸುಖ ದುಃಖ ಉಂಟು ಎಂದು ಮಾತ್ರ ನನಗೆ ಒಂದು ದಿನವೂ ತೋಚಿರಲಿಲ್ಲ. ಅದು ತೋಚುವುದಕ್ಕೆ ಶುಭದಾಳ ತಂಗಿ ಸ್ನೇಹಾಳ ಮದುವೆ ನಿಶ್ಚಯವಾಗಬೇಕಾಯಿತು.

ನನ್ನ ಹೆಂಡತಿಯ ತವರು ಮೊದಲು ಚೆಂಡಿಯಾದಲ್ಲಿತ್ತು. ಅಂಗಳದ ಈ ಕಡೆ ಅವರ ಮನೆ, ಆ ಕಡೆ ರುಕ್ಮಾಬಾಯಿಯ ಮನೆ. ನನ್ನ ಅತ್ತೆ ಸಾವಿತ್ರಿಬಾಯಿ ಮತ್ತು ಈ ರುಕ್ಮಾಬಾಯಿ ದೂರದ ಸಂಬಂಧದಲ್ಲಿ ಅತ್ತಿಗೆ ನಾದಿನಿಯರು. ಒಬ್ಬರನ್ನೊಬ್ಬರು ‘ವಯ್ನಿ’ ಎಂದೇ ಕರೆಯುವವರು. ಆ ಕೇರಿಯಲ್ಲಿ ಮದುವೆಯ ಅರಿಶಿನದ ದಿನ ಒಂದು ಹಾಡು ಹೇಳುತ್ತಾರೆ. ಹಾಡು ಎನ್ನುವುದಕ್ಕಿಂತ ಅದೊಂದು ವಿಚಾರಣೆ. ಈ ಜಗಲಿಯವರು ಕೇಳಬೇಕು: ಮದುಮಗಳು ಮೀಯುವ ನೀರು ಯಾವ ಬಾವಿಯದು, ಬಾವಿಯ ಕಟ್ಟೆ ಯಾರು ಕಟ್ಟಿಸಿದ್ದು, ಹಗ್ಗ ಯಾರು ಹೊಸೆದದ್ದು. ಆ ಜಗಲಿಯವರು ಊರಿನ ಬಾವಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಉತ್ತರ ಕೊಡಬೇಕು. ಕೇಳುವ ಪಾಲು ನನ್ನ ಅತ್ತೆಯದು, ಹೇಳುವ ಪಾಲು ರುಕ್ಮಾಬಾಯಿಯದು. ಕೇಳುವವಳು ಮನಸ್ಸಿಗೆ ಬಂದಂತೆ ಪ್ರಶ್ನೆ ತಿರುಗಿಸುತ್ತಾಳೆ, ನಡುವೆ ಬೀಗರ ಕಾಲೆಳೆಯುತ್ತಾಳೆ. ಹೇಳುವವಳು ಎಲ್ಲಕ್ಕೂ ತಯಾರಿರಬೇಕು. ಮುಖ್ಯವಾದ ಕಟ್ಟಳೆ ಒಂದೇ. ಒಬ್ಬಳ ಸೊಲ್ಲಿನ ಬಾಲ ಇನ್ನೂ ಗಾಳಿಯಲ್ಲಿರುವಾಗಲೇ ಇನ್ನೊಬ್ಬಳು ಅದನ್ನು ಹಿಡಿದುಕೊಳ್ಳಬೇಕು. ನಡುವೆ ಬಿಡುವು ಬಿದ್ದರೆ ಬಾವಿಯ ಹಗ್ಗ ತುಂಡಾದಂತೆ, ಮದುಮಗಳಿಗೆ ಒಳ್ಳೆಯದಲ್ಲ.

ಆಮೇಲೆ ಆ ಅಂಗಳ, ಎರಡೂ ಜಗಲಿ, ಬಾವಿಗಳು ಎಲ್ಲ ನೌಕಾನೆಲೆಗೆಂದು ಸರಕಾರ ಹಾಕಿದ ಬೇಲಿಯೊಳಗೆ ಸೇರಿದವು. ಅತ್ತೆಯ ಮನೆಯವರು ತೋಡೂರಿನ ಪುನರ್ವಸತಿ ಕಾಲೊನಿಗೆ ಬಂದರು, ರುಕ್ಮಾಬಾಯಿ ಮಗಳ ಜೊತೆ ಬೇಲೆಕೇರಿಗೆ ಹೋದಳು. ಹತ್ತಿರವೇ ಅನ್ನಿ, ಮದುವೆ ಮುಂಜಿಗೆ ಬಸ್ಸು ಹತ್ತಿ ಬರುತ್ತಿದ್ದಳು, ಹಾಡು ನಡೆಯುತ್ತಿತ್ತು. ಈ ವರ್ಷ ಅವಳು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಳು. ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸುವ ಹಾಗಿಲ್ಲ. ಬಾವಿಗಳ ಆ ಸರಣಿ ಕ್ರಮವಾಗಿ ಬರುವುದು ಅವಳೊಬ್ಬಳಿಗೇ. ಅತ್ತೆಗೆ ಪ್ರಶ್ನೆಗಳೆಲ್ಲ ನಾಲಿಗೆಯ ತುದಿಯಲ್ಲಿವೆ, ಉತ್ತರ ಒಂದೂ ಪೂರ್ತಿ ಬರುವುದಿಲ್ಲ. ಬೇರೆಯವರ ಪಾಲನ್ನು ಕಲಿತುಕೊಳ್ಳುವುದು ಆ ಕೇರಿಯಲ್ಲಿ ಬೇರೆಯವರ ಹಿತ್ತಲಿನ ತೆಂಗಿನಕಾಯಿ ಕೊಯ್ದಂತೆಯೇ ಎಂದು ಎಣಿಸಿದ್ದರೋ ಏನೋ. ಸ್ನೇಹಾಳ ಅರಿಶಿನಕ್ಕೆ ಆ ಬಾವಿಗಳ ನೀರನ್ನಂತೂ ತರುವಂತಿಲ್ಲ, ಹೆಸರನ್ನಾದರೂ ತರಬೇಕು ಎಂಬುದು ಅತ್ತೆಯ ಒಂದೇ ಆಸೆಯಾಗಿತ್ತು.

ಫೋನಿದೆಯಲ್ಲ ಎಂದು ಎಲ್ಲರೂ ಹೇಳಿದೆವು. ವೀಡಿಯೋ ಕಾಲ್ ಹಚ್ಚಿ ಇಬ್ಬರನ್ನೂ ಎದುರುಬದುರು ಕೂರಿಸಿದೆವು. ಅತ್ತೆ ಮೊದಲ ಪ್ರಶ್ನೆ ಎತ್ತಿದಳು. ಅತ್ತ ಕಡೆಯಿಂದ ಏನೂ ಇಲ್ಲ. ಎಲ್ಲರೂ ಉಸಿರು ಹಿಡಿದು ಕೂತ ಮೇಲೆ ಉತ್ತರ ಬಂತು. ಅತ್ತೆ ಎರಡನೆಯ ಪ್ರಶ್ನೆಯನ್ನು ಸ್ವಲ್ಪ ಎಳೆದು ಹೇಳಿದಳು, ಉತ್ತರ ಇನ್ನೂ ಎಳೆದುಕೊಂಡು ಬಂತು. ನಾಲ್ಕು ಬಾವಿ ದಾಟುವಷ್ಟರಲ್ಲಿ ಮದುವೆಯ ಹಾಡು ಸಾವಿನ ಮನೆಯ ರಾಗಕ್ಕೆ ಇಳಿದಿತ್ತು. ಇಬ್ಬರೂ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಇಬ್ಬರ ನಡುವೆ ಎಂಥ ಮರ್ಯಾದೆಯ ಮಾತುಕತೆ ಅಂತೀರಿ! ನೀನು ಹೇಳು ವಯ್ನಿ, ಇಲ್ಲ ನೀನೇ ಹೇಳು, ಎಂದು ಹೆಣ್ಣು ನೋಡಲು ಬಂದವರ ಹಾಗೆ ಉಪಚಾರ ಮಾಡಿಕೊಂಡರು. ಅತ್ತೆ ಫೋನನ್ನು ಶುಭದಾಳ ಕೈಗೆ ಕೊಟ್ಟು, ಹಾಡು ಬೇಡ ಅಂದುಬಿಟ್ಟಳು.

“ಅವಳಿಗೆ ಈಗ ಉಸ್ರೇ ಸಾಲುದಿಲ್ಲ. ಹಾಂಗಾಗಿ ತಡ ಮಾಡ್ತಾಳೆ. ಅವಳ ಹತ್ರ ಹಾಡು ಹೇಳ್ಸುದು ಬೇಡ ಮಗಾ, ಪಾಪ ತಾಗ್ತದೆ.”

ವಿಚಿತ್ರವೆಂದರೆ, ಮಾರನೆಯ ದಿನ ನನ್ನ ಹೆಂಡತಿ ಬೇಲೆಕೇರಿಗೆ ಹೋದಾಗ ರುಕ್ಮಾಬಾಯಿಯೂ ಕಣ್ಣೊರೆಸಿಕೊಳ್ಳುತ್ತ ಅದನ್ನೇ ಹೇಳಿದಳಂತೆ. ಸಾವಿತ್ರಿ ವಯ್ನಿ ತುಂಬ ಇಳಿದುಬಿಟ್ಟಿದ್ದಾಳೆ, ತಾನು ಉತ್ತರ ಕೊಟ್ಟು ಕಾದೇ ಕಾದರೂ ಮುಂದಿನ ಪ್ರಶ್ನೆ ಎತ್ತಲು ಅವಳಿಗೆ ಆಗುತ್ತಿಲ್ಲ, ಮದುವೆ ಮುಗಿಯುವ ತನಕ ಗಟ್ಟಿ ಇದ್ದರೆ ಸಾಕು ಎಂದು.

ಇದನ್ನು ನಾವು ಬಂದು ಹೇಳಿದಾಗ ಶುಭದಾ ನಗಲಿಲ್ಲ. ಒಂದು ಕಾಗದ ತೆಗೆದು ನನಗೆ ಗೆರೆ ಎಳೆದು ತೋರಿಸಿದಳು. ಅವಳ ಅಜ್ಜಿಯ, ಅಂದರೆ ನನ್ನ ಅತ್ತೆಯ, ಪ್ರಶ್ನೆ ಇಲ್ಲಿಂದ ಹೊರಟು ತಡವಾಗಿ ರುಕ್ಮಾಬಾಯಿಯ ಕಿವಿ ಮುಟ್ಟುತ್ತದೆ. ಅವಳು ಕೇಳಿದ ಗಳಿಗೆಯಲ್ಲೇ ಬಾಲ ಹಿಡಿಯುತ್ತಾಳೆ, ಅವಳ ಮಟ್ಟಿಗೆ ಅವಳು ತಪ್ಪಿಲ್ಲ. ಆ ಉತ್ತರ ಮತ್ತೆ ಅಷ್ಟೇ ತಡವಾಗಿ ಇಲ್ಲಿಗೆ ಬರುತ್ತದೆ. ಹೋಗುವ ತಡ, ಬರುವ ತಡ, ಎರಡೂ ಸೇರಿ ಅಜ್ಜಿಯ ಕಿವಿಯಲ್ಲಿ ಬಿಡುವು ಬೀಳುತ್ತದೆ. ಅಜ್ಜಿ ತಕ್ಷಣ ಮುಂದಿನದನ್ನು ಕೇಳಿದರೂ ಬೇಲೆಕೇರಿಯಲ್ಲಿ ಅಷ್ಟೇ ಬಿಡುವು. ಹೀಗೆ ಇಬ್ಬರೂ ತಂತಮ್ಮ ಕಿವಿಗೆ ಚುರುಕು, ಇನ್ನೊಬ್ಬಳ ಕಿವಿಗೆ ನಿತ್ರಾಣಿ. ಒಬ್ಬಳ ದಣಿವನ್ನು ನೋಡಿ ಇನ್ನೊಬ್ಬಳು ಕರುಣೆಯಿಂದ ನಿಧಾನ ಮಾಡಿದರೆ, ಆ ನಿಧಾನವನ್ನು ಕೇಳಿ ಮೊದಲಿನವಳು ಇನ್ನಷ್ಟು ಕರುಣೆ ತೋರಿಸುತ್ತಾಳೆ. ಕರುಣೆಯಿಂದಲೇ ಒಂದು ಹಾಡು ಸಾಯುವುದನ್ನು ನಾನು ಅದೇ ಮೊದಲ ಸಲ ನೋಡಿದ್ದು.

“ನಾನು ಊರಿನ ಮಂದಿಗೆಲ್ಲ ಇದೇ ಕೆಲಸ ಮಾಡಿಕೊಡ್ತೆ ಮಾಮಾ” ಅಂದಳು ಶುಭದಾ. “ನನ್ನ ಅಜ್ಜಿಗೆ ಆಗುದಿಲ್ಲ ಅಂದ್ರೆ ಈ ನೌಕರಿ ಎಂತಕ್ಕೆ?”

ಉತ್ತರಗಳನ್ನು ಮೊದಲೇ ರೆಕಾರ್ಡ್ ಮಾಡಿ ಇಟ್ಟುಕೊಂಡರಾಯಿತಲ್ಲ ಎಂದು ನಾನೊಂದು ಬುದ್ಧಿವಂತಿಕೆಯ ಮಾತು ಆಡಿದ್ದೆ. ಅತ್ತೆ ನನ್ನತ್ತ ತಿರುಗಿಯೂ ನೋಡದೆ, ಏನು ಕೇಳಿದರೂ ಅದೇ ಉತ್ತರ ಕೊಡುವವಳ ಹತ್ತಿರ ಕೇಳುವುದಾದರೂ ಯಾಕೆ ಅಂದಳು. ನನಗೆ ಅದಕ್ಕೆ ಒಳ್ಳೆಯ ಮಾರುತ್ತರವೊಂದು ಹೊಳೆಯಿತು, ಆದರೆ ಅಂಕೋಲೆಯ ಬಸ್ಸು ಹತ್ತಿದ ಮೇಲೆ.

ಶುಭದಾ ತನ್ನ ಕಂಪನಿಯ ಜಗತ್ತಿನೊಳಗೆ ಒಂದು ಚಿಕ್ಕ ಅಂಗಳ ಕಟ್ಟಿಕೊಂಡಳು. ಎರಡು ಜಗಲಿ, ನಡುವೆ ಸಗಣಿ ಸಾರಿಸಿದ ನೆಲ, ಒಂದು ತುಳಸಿಕಟ್ಟೆ. ಅತ್ತೆ ಹೆಡ್‌ಸೆಟ್ ಕಟ್ಟಿಕೊಂಡು ನೋಡಿ, ಸಗಣಿಯ ಬಣ್ಣ ಸರಿಯಿಲ್ಲ ಅಂದಳು; ಬಣ್ಣ ಬದಲಾಯಿತು. ಆಮೇಲೆ ಬೇಲೆಕೇರಿಯಲ್ಲಿ ಇನ್ನೊಂದು ಡಬ್ಬಿ ಕಟ್ಟಿಕೊಂಡ ರುಕ್ಮಾಬಾಯಿಯ ಆಕೃತಿ ತೀರ ಎದುರಿಗೇ ಬಂದು ನಿಂತಾಗ ಅತ್ತೆ ಬೆಚ್ಚಿ ಡಬ್ಬಿಯನ್ನು ಕಿತ್ತಿಟ್ಟಳು. ಆ ಜಗತ್ತಿನಲ್ಲಿ ಮನುಷ್ಯರಿಗೆ ಸೊಂಟದ ಕೆಳಗೆ ಕಾಲುಗಳನ್ನು ಮಾಡಿರಲಿಲ್ಲ. ಕಾಲಿಲ್ಲದೆ ನೆಲದಿಂದ ಮೇಲೆ ನಿಂತವರು ಯಾರು ಎಂಬುದರ ಬಗ್ಗೆ ನಮ್ಮ ಕರಾವಳಿಯಲ್ಲಿ ಎರಡು ಅಭಿಪ್ರಾಯವಿಲ್ಲ. ರುಕ್ಮಾ ನಿನ್ನೆಯೇ ಹೋದಳೋ, ಯಾಕೆ ಯಾರೂ ನನಗೆ ಹೇಳಲಿಲ್ಲ ಎಂದು ಅತ್ತೆ ಅಳುವುದಕ್ಕೇ ಶುರುಮಾಡಿದಳು. ರುಕ್ಮಾಬಾಯಿಗೆ ಫೋನು ಹಚ್ಚಿ, ಅವಳು ಬದುಕಿದ್ದಾಳೆಂದು ಅವಳ ಬಾಯಿಂದಲೇ ಹೇಳಿಸಬೇಕಾಯಿತು. ಶುಭದಾ ಆ ಆಕೃತಿಗೆ ನೆಲ ಗುಡಿಸುವಷ್ಟು ಉದ್ದದ ಸೀರೆ ಉಡಿಸಿದ ಮೇಲೆ ವಿಷಯ ತಣ್ಣಗಾಯಿತು.

ಇದೆಲ್ಲ ಕಣ್ಣಿಗೆ ಕಾಣುವ ಕೆಲಸ. ನಿಜವಾದ ಕೆಲಸ ಕಿವಿಯದು, ಮತ್ತು ಅದನ್ನು ನೋಡುತ್ತ ನೋಡುತ್ತ ಆ ಹುಡುಗಿಯ ಮೇಲೆ ನನಗೆ ಭಕ್ತಿಯಂಥದೇ ಹುಟ್ಟಿತು. ತೋಡೂರಿನಿಂದ ಬೇಲೆಕೇರಿಗೆ ಹೋಗುವ ದನಿ ಹೆದ್ದಾರಿ ಹಿಡಿದು ನೆಟ್ಟಗೆ ಹೋಗುತ್ತದೆಂದು ನಾನು ತಿಳಿದಿದ್ದೆ. ಇಲ್ಲವಂತೆ, ಅದು ಸಮುದ್ರ ದಾಟಿ ಪರದೇಶದ ಯಾವುದೋ ಸರ್ವರ್ ಕಂಪ್ಯೂಟರಿಗೆ ಹೋಗಿ, ಅಲ್ಲಿ ಹಾಜರಿ ಹಾಕಿ, ಮತ್ತೆ ಸಮುದ್ರ ದಾಟಿ ಬೇಲೆಕೇರಿಗೆ ಬರುತ್ತದಂತೆ. ಪಾಸ್‌ಪೋರ್ಟು ಕೂಡ ಇಲ್ಲದ ನನ್ನ ಅತ್ತೆಯ ದನಿ ದಿನಕ್ಕೆಷ್ಟು ಸಲ ವಿದೇಶ ಸುತ್ತಿತ್ತೋ. ಶುಭದಾ ಮೊದಲು ಆ ಪ್ರವಾಸವನ್ನು ರದ್ದು ಮಾಡಿ ಎರಡು ಮನೆಗಳ ನಡುವೆ ನೇರ ದಾರಿ ಮಾಡಿದಳು. ಇಯರ್‌ಫೋನಿನ ವೈರು ತೆಗೆದು ಬ್ಲೂಟೂತ್ ಮಾಡಿದ್ದನ್ನು ನಾವೆಲ್ಲ ಪ್ರಗತಿ ಅಂದುಕೊಂಡಿದ್ದೆವು. ಆ ಪ್ರಗತಿಯೇ ಎಷ್ಟೋ ಹೊತ್ತು ತಿನ್ನುತ್ತದೆಂದು ಅವಳು ಮತ್ತೆ ವೈರು ಸಿಕ್ಕಿಸಿದಳು. ಬೇಲೆಕೇರಿಗೆ ತಾನೇ ಹೋಗಿ ಕಿಟಕಿಯ ಸಂದಿನಿಂದ ಕೇಬಲ್ ಎಳೆದು, ರುಕ್ಮಾಬಾಯಿಯ ಮಂಚದ ಕಾಲಿಗೆ ಕಟ್ಟಿ ಬಂದಳು.

ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು. ದನಿ ಇಡಿಯಾಗಿ ಹೋಗುವುದಿಲ್ಲ, ಚೂರುಚೂರಾಗಿ ಹೋಗುತ್ತದೆ. ಚೂರುಗಳು ಹಿಂದೆ ಮುಂದೆ ಬಂದು ತಲುಪುತ್ತವೆ. ಆದ್ದರಿಂದ ಆಚೆಯ ಯಂತ್ರ ಎಲ್ಲವೂ ಬರಲಿ ಎಂದು ಕಾಯುತ್ತದೆ, ಅಂಕೋಲೆಯ ಸ್ಟ್ಯಾಂಡಿನಲ್ಲಿ ಟೆಂಪೋದವನು ಸೀಟು ತುಂಬುವ ತನಕ ಕಾಯುವಂತೆ. ಕಾದಷ್ಟೂ ಮಾತು ಸ್ವಚ್ಛ, ಕಾದಷ್ಟೂ ತಡ. ಆ ಕಾಯುವಿಕೆಯನ್ನು ಶುಭದಾ ಪ್ರತಿದಿನ ಕೂದಲೆಳೆಯಷ್ಟು ಕಡಿಮೆ ಮಾಡುತ್ತ ಬಂದಳು. ಬಂದವರನ್ನು ಹತ್ತಿಸಿಕೊಂಡು ಹೊರಟುಬಿಡುವುದು. ಹಿಂದುಳಿದ ಚೂರಿನ ಜಾಗವನ್ನು ಅಕ್ಕಪಕ್ಕದ ಸದ್ದು ನೋಡಿ ಯಂತ್ರವೇ ಅಂದಾಜಿನಿಂದ ತುಂಬುವುದು. ಅಂದಾಜು ತಪ್ಪಿದರೆ ದನಿ ಹರಿದ ಬಟ್ಟೆಯ ಹಾಗೆ ಚರ್ ಅನ್ನುತ್ತದೆ. ಎಷ್ಟು ಹರಿದರೆ ನಡೆದೀತು, ಎಷ್ಟು ಹರಿದರೆ ನಡೆಯದು ಎಂದು ಅವಳು ಕಣ್ಣು ಮುಚ್ಚಿಕೊಂಡು ಕೇಳಿ ಕೇಳಿ ನಿರ್ಧರಿಸುತ್ತಿದ್ದಳು. ಪೂರ್ತಿ ಸರಿಯಾಗಿ, ಆದರೆ ಹೊತ್ತು ಮೀರಿ ಹೇಳುವುದನ್ನೇ ಜೀವನವಿಡೀ ಮಾಡಿದ ನನಗೆ, ಕೊಂಚ ಹರಕಾದರೂ ಹೊತ್ತಿಗೆ ಸರಿಯಾಗಿ ಮುಟ್ಟಲಿ ಎಂಬ ಆ ಧೈರ್ಯ ದೊಡ್ಡದಾಗಿ ಕಂಡಿತು.

ಆದರೂ ಒಂದು ಹಂತದಲ್ಲಿ ಅವಳು ಕೈಚೆಲ್ಲಿ ಕೂತಳು. ಉಳಿದ ತಡ ಇನ್ನು ಕಡಿಮೆಯಾಗುವುದಿಲ್ಲ, ಎಷ್ಟೇ ಹಿಂಡಿದರೂ ಸೊನ್ನೆಯಾಗುವುದಿಲ್ಲ ಅಂದಳು. ಮದುವೆ ಹತ್ತಿರ ಬಂದಿತ್ತು. ಅತ್ತೆ ಅರಿಶಿನಕ್ಕೆ ಬೇರೆ ಯಾವುದಾದರೂ ಭಜನೆ ಹೇಳಿದರಾಯಿತು ಎಂದು ಹೇಳತೊಡಗಿದ್ದಳು, ಹೇಳುವಾಗ ಮುಖ ಬೇರೆ ಕಡೆ ಮಾಡಿಕೊಳ್ಳುತ್ತಿದ್ದಳು. ಅಂಥ ಒಂದು ದಿನ ಶುಭದಾ ನನ್ನನ್ನು ಒಂದು ಪ್ರಶ್ನೆ ಕೇಳಿದಳು.

“ಮಾಮಾ, ಚೆಂಡಿಯಾದ ಆ ಅಂಗಳ ಎಷ್ಟು ಅಗಲ ಇತ್ತು?”

ನನ್ನ ಮದುವೆ ನಡೆದದ್ದು ಅದೇ ಅಂಗಳದಲ್ಲಿ. ಅವಳು ಹುಟ್ಟುವ ಮೊದಲಿನ ಮಾತು. ಈ ಜಗಲಿಯಿಂದ ಆ ಜಗಲಿಗೆ ಒಂದು ಚಪ್ಪರ, ಚಪ್ಪರದ ಕೆಳಗೆ ಊಟದ ಎರಡು ಪಂಕ್ತಿ, ನಡುವೆ ಬಡಿಸುವವರು ಓಡಾಡುವ ಜಾಗ, ಮತ್ತೆ ತುಳಸಿಕಟ್ಟೆ. ನಾನು ನೆನಪು ಮಾಡಿಕೊಂಡು ಎದ್ದು, ಅವರ ಮನೆಯ ಎದುರಿನ ಡಾಂಬರು ರಸ್ತೆಯಲ್ಲಿ ಹೆಜ್ಜೆ ಹಾಕಿ ತೋರಿಸಿದೆ. ಪಂಚೆಯುಟ್ಟ ನಿವೃತ್ತ ಮಾಸ್ತರನೊಬ್ಬ ರಸ್ತೆಯಲ್ಲಿ ಕಾಣದ ಅಂಗಳವನ್ನು ಅಳೆಯುವುದನ್ನು ಕಾಲೊನಿಯ ನಾಯಿಗಳೂ ನಿಂತು ನೋಡಿದವು. ಶುಭದಾ ಅಳತೆ ತೆಗೆದುಕೊಂಡು, ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಅದೇ ಸದ್ದಿನ ವೇಗದಿಂದ ಭಾಗಿಸಿ, ಬಂದ ಉತ್ತರವನ್ನು ಯಂತ್ರದಲ್ಲಿ ಉಳಿದಿದ್ದ ತಡದ ಪಕ್ಕದಲ್ಲಿ ಬರೆದಿಟ್ಟಳು.

ನನಗೆ ಅರ್ಥವಾಗಲು ಎಂದಿನಂತೆ ಸ್ವಲ್ಪ ಸಮಯ ಹಿಡಿಯಿತು. ಆ ಇಬ್ಬರು ಹೆಂಗಸರು ಎಂದೂ ತಡವಿಲ್ಲದೆ ಹಾಡಿದವರೇ ಅಲ್ಲ. ಒಬ್ಬಳ ದನಿ ಅಂಗಳ ದಾಟಿ ಇನ್ನೊಬ್ಬಳ ಕಿವಿಗೆ ಹೋಗಲು ಗಾಳಿಯೂ ತನ್ನ ಪಾಲಿನ ಹೊತ್ತು ತೆಗೆದುಕೊಳ್ಳುತ್ತಿತ್ತು. ಅಷ್ಟು ತಡದೊಳಗೇ ಅವರು ಬೆಳೆದರು, ಅಷ್ಟನ್ನು ಲೆಕ್ಕ ಹಿಡಿದೇ ಬಾಲ ಹಿಡಿಯುವುದನ್ನು ಕಲಿತರು. ಶುಭದಾಳ ಯಂತ್ರದಲ್ಲಿ ಈಗ ಉಳಿದಿದ್ದ ತಡ ಹೆಚ್ಚುಕಡಿಮೆ ಅದೇ ಅಂಗಳದಷ್ಟಿತ್ತು, ಕೊಂಚ ಹಿತ್ತಲು ಸೇರಿಸಿಕೊಂಡು. ಅವಳು ಆ ಇಲ್ಲದ ಜಗತ್ತಿನ ಜಗಲಿಗಳನ್ನು ಅಷ್ಟೇ ದೂರಕ್ಕೆ ಸರಿಸಿದಳು. ಮೊದಲು ರುಕ್ಮಾಬಾಯಿಯ ಆಕೃತಿ ಅಜ್ಜಿಯ ಮೂಗಿನ ತುದಿಯಲ್ಲಿ ನಿಂತಿತ್ತು. ಹತ್ತಿರ ನಿಂತವಳ ದನಿ ದೂರದಿಂದ ಬಂದಂತಾಗಿ ಕಿವಿ ಒಪ್ಪುತ್ತಿರಲಿಲ್ಲ. ಈಗ ದೂರದಲ್ಲಿ ಕಂಡವಳು ದೂರದಿಂದಲೇ ಹಾಡಿದಳು. ವಿಜ್ಞಾನದ ಪರೀಕ್ಷೆಗಳಲ್ಲಿ ಎಷ್ಟೋ ಜಾಣ ಉತ್ತರಗಳಿಗೆ ನಾನು ಪೂರ್ತಿ ಅಂಕ ಕೊಟ್ಟಿದ್ದೇನೆ. ಇದಕ್ಕೆ ಕೊಡುವಷ್ಟು ಅಂಕ ನನ್ನ ಬಳಿ ಇರಲಿಲ್ಲ.

ಅರಿಶಿನದ ಬೆಳಿಗ್ಗೆ ಚಪ್ಪರದ ತುಂಬ ಹೆಂಗಸರು. ಮಲ್ಲಿಗೆ ಮಾಲೆ, ತೆಂಗಿನೆಣ್ಣೆ, ಅರೆದ ಅರಿಶಿನ, ಎಲ್ಲದರ ವಾಸನೆ ಸೇರಿಕೊಂಡಿತ್ತು. ಸ್ನೇಹಾಳನ್ನು ಮಣೆಯ ಮೇಲೆ ಕೂರಿಸಿದ್ದರು. ಅತ್ತೆ ಒಳಕೋಣೆಯ ಬಾಗಿಲಲ್ಲಿ ಕೂತು ಆ ಡಬ್ಬಿಯನ್ನು ಕಟ್ಟಿಸಿಕೊಂಡಳು. ಮುಡಿದ ಹೂವಿಗೆ ಪಟ್ಟಿ ತಾಗಬಾರದೆಂದು ಮೂರು ಜನ ಸೇರಿ ಕಟ್ಟಿದರು. ಎಲ್ಲರಿಗೂ ಕೇಳಲೆಂದು ಸ್ಪೀಕರನ್ನು ಚಪ್ಪರದ ಆ ಕೊನೆಗೆ ಇಟ್ಟಿದ್ದರು. ಶುಭದಾ ಒಳಗೆ ಅಕ್ಕಿ ಡಬ್ಬದ ಪಕ್ಕ ಪರದೆಯೆದುರು ಕೂತಿದ್ದಳು, ತಂಗಿಗೆ ಅರಿಶಿನ ಹಚ್ಚಲೂ ಏಳಲಿಲ್ಲ. ನಾನು ಅವಳ ಹಿಂದೆ ನಿಂತಿದ್ದೆ. ಅಲ್ಲಿಂದ ಬಾಗಿಲಾಚೆಯ ಚಪ್ಪರ ಕಾಣುತ್ತಿತ್ತು.

ಅತ್ತೆ ಗಂಟಲು ಸರಿಮಾಡಿಕೊಂಡು ಪ್ರಶ್ನೆ ಎತ್ತಿದಳು, ನಮ್ಮ ಹುಡುಗಿ ಮೀಯುವ ನೀರು ಯಾವ ಬಾವಿಯದೆಂದು. ಅವಳ ಸೊಲ್ಲಿನ ಕೊನೆ ಇಳಿಯುವ ಮೊದಲೇ ಚಪ್ಪರದ ಆ ತುದಿಯಿಂದ ರುಕ್ಮಾಬಾಯಿಯ ಕಂಚಿನಂಥ ದನಿ ಅದನ್ನು ಕಸಿದುಕೊಂಡಿತು. ಹುಣಸೆಮರದ ಬಾವಿಯದು ಎಂದಿತು. ಅತ್ತೆ ಒಂದು ಗಳಿಗೆ ಬೆರಗಾದವಳಂತೆ ತಲೆಯೆತ್ತಿದಳು, ಆದರೆ ಹಾಡು ಬಿಡಲಿಲ್ಲ. ಎರಡನೆಯದನ್ನು ಹಾರಿ ಹಿಡಿದಳು. ಗದ್ದೆಯ ಮೂಲೆಯ ಬಾವಿ ಬಂತು, ಉಪ್ಪುನೀರಿನ ಬಾವಿ ಬಂತು, ಹಾವು ಬಿದ್ದಿದ್ದ ಬಾವಿ ಬಂತು. ಎರಡು ದನಿಗಳು ಒಂದರ ಮೇಲೊಂದು ಏರುತ್ತ, ಬರಬರುತ್ತ ವೇಗ ಹೆಚ್ಚಿಸಿಕೊಳ್ಳುತ್ತ ಹೋದವು. ಆ ಕೇರಿಯಿಂದ ಬಂದ ಮುದುಕಿಯರು ಒಂದೊಂದು ಬಾವಿಯ ಹೆಸರಿಗೂ ಸೆರಗು ಕಣ್ಣಿಗೆ ಒತ್ತಿಕೊಂಡರು. ಮದುಮಗಳ ತಲೆಯ ಮೇಲೆ ಕಾಲೊನಿಯ ನಲ್ಲಿಯ ನೀರು ಬೀಳುತ್ತಿತ್ತು. ನನಗೂ ಕಣ್ಣು ತುಂಬಿ ಬಂತು, ಮತ್ತು ಆ ಮಟ್ಟಿಗೆ ಸರಿಯಾದ ಹೊತ್ತಿಗೇ ಬಂತು.

ಹಾಡು ಮುಗಿದ ಮೇಲೆ ಶುಭದಾ ಓಡಿ ಹೋಗಿ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತಳು. ಹೇಗಾಯಿತು ಅಜ್ಜಿ, ನಿನ್ನ ವಯ್ನಿಯ ದನಿ ತಡವಾಯಿತೇ ಎಂದು ಕೇಳಿದಳು. ಅತ್ತೆ ಮುಖದಿಂದ ಡಬ್ಬಿ ತೆಗೆದಳು. ಕೆನ್ನೆಯೆಲ್ಲ ಒದ್ದೆ, ಮುಖ ಮಾತ್ರ ಕೋಪದಿಂದ ಕೆಂಪಾಗಿತ್ತು.

“ತಡ ಮಾಡುವವಳಾ ಅವಳು? ಹಾಳಾದವಳು, ಒಂದು ಸೊಲ್ಲಾದ್ರೂ ಪೂರ್ತಿ ಮುಗ್ಸುಕೆ ಬಿಟ್ಳಾ ನನ್ನ? ಸೊಂಟ ಮುರ್ದ್ರೂ ಗಡಬಡಿ ಹೋಗ್ಲಿಲ್ಲ ಅವಳಿಗೆ!”

ಇನ್ನೂ ಏನೇನೋ ಬಯ್ಯುವುದಿತ್ತು. ಆದರೆ ಮೈಕು ಆರಿಸಿರಲಿಲ್ಲ. ಅತ್ತೆಯ ಮಾತನ್ನು ನಡುವೆಯೇ ಕಡಿದು, ಬೇಲೆಕೇರಿಯ ಮಂಚದ ಮೇಲಿಂದ ರುಕ್ಮಾಬಾಯಿ ತನ್ನ ಪಾಲಿನ ಬೈಗುಳ ಶುರುಮಾಡಿಯೇಬಿಟ್ಟಳು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಶುಭದಾ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅಳುತ್ತಿದ್ದಳು. ಅತ್ತೆ ಅವಳ ಬೆನ್ನ ಮೇಲೆ ಒಂದು ಕೈ ಇಟ್ಟುಕೊಂಡೇ, ಇನ್ನೊಂದು ಕೈಯಲ್ಲಿ ಆ ಡಬ್ಬಿಯನ್ನು ಮತ್ತೆ ಕಣ್ಣಿಗೆ ಏರಿಸಿಕೊಂಡಳು. ಜಗಳ ಎದುರಿಗೆ ನಿಂತೇ ಆಡಬೇಕು ಅಂದಳು.